ನೆಲದೊಳಗೇ ಹುರಿದ ಶೇಂಗಾ

ಸವಡಿಯ ಪ್ರಭುಲಿಂಗಪ್ಪನವರ ಹೊಲದಲ್ಲಿ ಶೇಂಗಾ ನೆಲದೊಳಗೇ ಹುರಿದು, ಉಪ್ಪು ಹತ್ತಿಸಿಕೊಂಡು, ಬಾಯಿಗೆ ಹಾಕಿಕೊಳ್ಳುವ ಹದಕ್ಕೆ ಬಂದೇ ಮೇಲೇಳುತ್ತದೆ. ಹಂಚು ಬೇಡ, ಒಲೆ ಬೇಡ, ಹೆಂಡತಿಯ ಮರ್ಜಿಯಂತೂ ಬೇಡವೇ ಬೇಡ. ಇದು ರೋಣದ ದರ್ಜಿ ಸಣ್ಣಪ್ಪ ಮಾಸ್ತರರ ಮಾತು. ಇದನ್ನು ನಂಬದವರು ನರಗುಂದದಿಂದ ಗಜೇಂದ್ರಗಡದವರೆಗೆ ಯಾರಿದ್ದಾರೆ ಎಂದು ಕೇಳಿದರೆ, ಎಲ್ಲರೂ ಇದ್ದಾರೆ.

ಮಾಸ್ತರರು ಹೊಲಿದ ಅಂಗಿ ತೊಟ್ಟವನಿಗೆ ಆ ವಾರವೇ ಕನ್ಯೆ ಗೊತ್ತಾಗುತ್ತದೆ. ಅವರ ಹೊಲಿಗೆ ಮಿಷನ್ನಿನ ಸದ್ದು ಕೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸು ತಾನಾಗಿಯೇ ಹೊರಡುತ್ತದೆ. ವಾರವಿಡೀ ಬಟ್ಟೆ ಹೊಲಿದು, ರವಿವಾರ ಮುಂಜಾನೆ ಅವರು ಊರಿನ ಚಿಕ್ಕ ಚರ್ಚಿನಲ್ಲಿ ಮಕ್ಕಳಿಗೆ ಸಂಡೇ ಸ್ಕೂಲು ನಡೆಸುತ್ತಾರೆ. ಇಂಥ ಮಾತುಗಳಿಗೆಲ್ಲ ಕಣ್ಣರಳಿಸಿ ಕೂರುವವರು ಆ ಮಕ್ಕಳು ಮಾತ್ರ.

ಅವರನ್ನು ಈ ಸಲ ಸಿಕ್ಕಿಸಿದವಳು ರಾಜೇಶ್ವರಿ, ಎರಡು ಜಡೆಯ, ಒಂದೇ ಮಾತಿನ ಹುಡುಗಿ. ಸುಗ್ಗಿ ಹಬ್ಬದ ದಿನ ಸಭೆಯವರೆಲ್ಲ ತಮ್ಮ ಬೆಳೆಯಲ್ಲಿ ಒಂದು ಪಾಲನ್ನು ದೇವರ ಮುಂದೆ ತಂದಿಡುವುದು ರೂಢಿ. ಮಕ್ಕಳು ಅವ್ವನ ಅಡುಗೆಮನೆಯಿಂದ ಏನಾದರೂ ಹೊತ್ತು ತರುತ್ತಿದ್ದರು.

"ಮಾಸ್ತರ್ರ, ಕುಂಬಳಕಾಯಿ ಬೆಳದಾಂವ ನಮ್ಮಪ್ಪ, ಕೊಡಾಕಿ ನಮ್ಮವ್ವ. ನಡುವ ನಾ ಬರೇ ಹೊತ್ಕೊಂಡ ಬಂದ್ರ ಅದು ನನ್ನ ಕಾಣಿಕಿ ಹ್ಯಾಂಗ ಆಕ್ಕೈತ್ರಿ?"

ಮಾಸ್ತರರಿಗೆ ಬೈಬಲಿನ ಒಂದು ಕಥೆ ಹೊಳೆಯಿತು. ಕೊಯ್ದ ಹೊಲದಲ್ಲಿ ಉಳಿದುಬಿದ್ದ ತೆನೆಗಳನ್ನು ಆರಿಸಿ ಅತ್ತೆಯನ್ನು ಸಾಕಿದ ಸೊಸೆಯ ಕಥೆ. ಆಕೆಯ ಕಣ್ಣಿಗೆ ಬೀಳಲೆಂದು ಹೊಲದ ಒಡೆಯ ಬೇಕೆಂದೇ ಒಂದಿಷ್ಟು ತೆನೆ ನೆಲಕ್ಕೆ ಬಿಟ್ಟಿದ್ದ ಕಥೆ. ಹಾಗೆ ಉಳಿದದ್ದನ್ನು ಆಯುವುದಕ್ಕೆ ನಮ್ಮ ಕಡೆ ಹಕ್ಕಲು ಎನ್ನುತ್ತಾರೆ.

"ನಾವೂ ಹಕ್ಕಲ ಆರಸೂಣು," ಎಂದರು ಮಾಸ್ತರರು. "ಬಂದದ್ದು ಮುದುಕವ್ವಗ ಕೊಡೂಣು."

ಮುದುಕವ್ವ ಚರ್ಚಿನ ಹಿಂದಿನ ಓಣಿಯವಳು. ರೊಟ್ಟಿ ಬಡಿದು ಮಾರುತ್ತಿದ್ದವಳು ಜಾರಿಬಿದ್ದು ಕೈ ಮುರಿದುಕೊಂಡಿದ್ದಳು. ಮಾಸ್ತರರು ಮಾತನ್ನು ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸಭೆಯ ಹಿರಿಯ ಪರಶಪ್ಪನವರು ಬಾಗಿಲಲ್ಲಿ ನಿಂತದ್ದು ಕಂಡು ಅವರ ನಾಲಿಗೆ ಹಗ್ಗ ಬಿಚ್ಚಿಕೊಂಡಿತು.

"ಹಬ್ಬಕ್ಕ ನಮ್ಮ ಹುಡುಗ್ರ ಬುಟ್ಟಿ ತುಂಬಿರತೈತ್ರಿ ಹಿರೇರ. ಎಲ್ಲಾ ಕೈಯಾರೆ ದುಡದದ್ದು. ತುಂಬಲಿಲ್ಲಂದ್ರ ನಾ ಈ ಸಂಡೇ ಸಾಲಿ ಕಲಸೂದ ಬಿಟ್ಟಬಿಡ್ತೀನಿ."

"ಬರದಿಟ್ಕೊಳ್ಳಲೇನ್ರಿ?"

"ಕಲ್ಲಿನ್ಯಾಗ ಕೆತ್ತಸ್ರಿ."

ಪ್ರಭುಲಿಂಗಪ್ಪನವರು ಪಕ್ಕದ ಹಳ್ಳಿ ಸವಡಿಯ ದೊಡ್ಡ ರೈತರು. "ಆರಿಸ್ಕೋರಿ, ಯಾರ ಬ್ಯಾಡ ಅಂತಾರ," ಎಂದರು. ಆದರೆ ಅವರ ಆಳುಗಳು ಹೊಲವನ್ನು ಜರಡಿ ಹಿಡಿದಂತೆ ಸೋಸಿಬಿಟ್ಟಿದ್ದರು. ಮೊದಲ ಶನಿವಾರ ಮಕ್ಕಳು ಬಿಸಿಲಲ್ಲಿ ಕಳೆ ಕೀಳುವ ಕುರ್ಚಿಗಿ ಹಿಡಿದು ಕೆದರಿದ್ದೇ ಕೆದರಿದ್ದು. ಬುಟ್ಟಿಯ ತಳ ಮುಚ್ಚಿತು, ಅಷ್ಟೆ.

ಮಾಸ್ತರರಿಗೆ ತಾವು ಕೊಟ್ಟ ಮಾತು ನೆನಪಾಯಿತು. ಸಾಲಿ ಹೋದರೆ ರವಿವಾರ ಮುಂಜಾನೆ ಯಾರ ಮುಂದೆ ಕೂತು ಮಾತಾಡುವುದು? ಗೂಟಕ್ಕೆ ನೇತುಹಾಕಿದ ಅಂಗಿಗಳ ಮುಂದೆಯೇ?

ಮುಂದಿನ ಶುಕ್ರವಾರ ಇಳಿಹೊತ್ತಿಗೆ ಅವರು ಬಸ್ ಸ್ಟ್ಯಾಂಡಿನ ಶೇಂಗಾ ವ್ಯಾಪಾರಿ ಜಂಗ್ಲಿಸಾಬನ ಹತ್ತಿರ ಓಡಿದರು. "ಒಂದ ಸಣ್ಣ ಚೀಲ ಶೇಂಗಾ ಕಾಯಿ ಕೊಡೋ, ಲಗೂ, ಬಸ್ ಹೊಂಟೈತಿ." ಚೀಲ ಬೆಚ್ಚಗಿತ್ತು. ಬಿಸಿಲಿಗೆ ಇಟ್ಟಿರಬೇಕು ಎಂದುಕೊಂಡರು. ಸವಡಿಯಲ್ಲಿ ಇಳಿದು, ಮಬ್ಬು ಬೆಳಕಿನಲ್ಲಿ, ಹೊಲದ ತುಂಬ ಅವನ್ನು ಹೂತು ಬಂದರು. ಹುಟ್ಟಿದಾಗಿನಿಂದ ಪ್ಯಾಟೆಯ ದರ್ಜಿ. ಗೆರೆ ತಪ್ಪದೆ ಹಾಕುವುದೊಂದು ಗೊತ್ತು.

ಮರುದಿನ ಕೈ ಹಾಕಿದಲ್ಲೆಲ್ಲ ಶೇಂಗಾ. ಬುಟ್ಟಿ ತುಂಬುತ್ತ ಬಂತು. ಮಾಸ್ತರರು ಬದುವಿನ ಮೇಲೆ ಕೂತು, ನರಗುಂದಕ್ಕೂ ಕೇಳುವಂತೆ ಸ್ತೋತ್ರ ಎತ್ತಿದರು. ಆಗ ಉಮೇಶನೆಂಬ ಹೊಟ್ಟೆಬಾಕ ಹುಡುಗ ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡ. ಅಗಿಯುವುದನ್ನು ನಿಲ್ಲಿಸಿದ.

"ಮಾಸ್ತರ್ರ, ಇವು ಹುರದಾವ್ರಿ."

ಸ್ತೋತ್ರ ನಿಂತಿತು.

"ಉಪ್ಪೂ ಐತ್ರಿ."

"ಸವಡಿ ಬಿಸಲಂದ್ರ ಏನಂತ ತಿಳದೀಯೋ ತಮ್ಮಾ?" ಎಂದರು ಮಾಸ್ತರರು, ಬೆವರು ಒರೆಸಿಕೊಳ್ಳುತ್ತ. "ಇಲ್ಲಿ ಶೇಂಗಾ ನೆಲದಾಗ ಹುರದ ಬರತಾವು. ಉಪ್ಪೂ ನೆಲದ್ದ."

ಬದುವಿನ ಆಚೆ ನಿಂತಿದ್ದ ಪ್ರಭುಲಿಂಗಪ್ಪನವರು ಮೀಸೆ ತೀಡಿದರು. "ಅಜ್ಜನ ಕಾಲದಿಂದ ಶೇಂಗಾ ಹುರಿಯಾಕ ಕಟಗಿ ಒಡದು ಒಡದು ನಮ್ಮ ರಟ್ಟಿ ಬಿದ್ದು ಹೋಗ್ಯಾವು. ಮೊದ್ಲ ಹೇಳಬಾರದೇನ್ರಿ ಮಾಸ್ತರ?"

"ಇಲ್ನೋಡ್ರಿ," ಎಂದಳು ಪುಟ್ಟ ರೇಷ್ಮಾ. "ಎಲ್ಲಾ ಒಂದ ಗೆರಿಮ್ಯಾಲ ಅದಾವು, ಗೇಣಿಗೊಂದು. ನನ್ನ ಫ್ರಾಕಿನ ಅಂಚಿನ ಹೊಲಿಗಿ ಇದ್ದಂಗ."

"ಇಲಿ ತಂದು ಹೂತಿರಬೇಕವಾ."

"ಇಲಿಗೆ ಹೊಲಿಯಾಕ ಬರತೈತೇನ್ರಿ?"

ಎಲ್ಲರೂ ನಕ್ಕರು, ರಾಜೇಶ್ವರಿಯೊಬ್ಬಳನ್ನು ಬಿಟ್ಟು. ಅವಳು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಉಗುರಿನ ಸಂದಿಯಲ್ಲಿ ಎರೆಮಣ್ಣು, ಕಣ್ಣಲ್ಲಿ ನೀರು.

"ಇದ್ರಾಗ ನಮ್ಮವು ಯಾವುವು?"

ಉಮೇಶ ಮಾಸ್ತರರ ಪರ ನಿಂತ. "ಕಥ್ಯಾಗೂ ಹೊಲದ ಮಾಲಕ ಬೇಕಂತ ಬಿಟ್ಟಿದ್ನಲ್ಲ."

"ಆಂವ ತನ್ನ ಹೊಲದಾಗ ತನ್ನ ತೆನಿ ಬಿಟ್ಟಿದ್ದ. ಇವು ಪ್ಯಾಟ್ಯಾಗಿನ್ವು. ಕೊಡೂದಿದ್ರ ಎದುರಿಗೆ ಕೊಡಬೇಕಿಲ್ಲೊ? ನಮ್ಮ ದುಡಿಮ್ಯಾಗ ಯಾಕ ಕಲಸಬೇಕು?"

ಮಾಸ್ತರರು ಹೆಗಲ ಮೇಲಿನ ಟವಲು ತೆಗೆದು ನೆಲಕ್ಕೆ ಹಾಸಿದರು. ಮಕ್ಕಳು ಒಂದೊಂದೇ ಕಾಯಿ ಎತ್ತಿ ನೋಡಿ, ಮಣ್ಣು ಮೆತ್ತಿದ ಹಸಿಯವನ್ನು ಬುಟ್ಟಿಗೂ, ಗಲಗಲ ಎನ್ನುವ ಹುರಿದವನ್ನು ಅವರ ಟವಲಿಗೂ ಹಾಕಿದರು. ಎರಡು ಶನಿವಾರದ್ದೂ ಸೇರಿ ಬುಟ್ಟಿ ಅರ್ಧವಾಯಿತು. ಹುರಿದವನ್ನು ಮಾಸ್ತರರು ಎಲ್ಲರಿಗೂ ಹಂಚಿದರು. ಪ್ರಭುಲಿಂಗಪ್ಪನವರು ಎರಡು ಸಲ ಕೈ ಒಡ್ಡಿದರು.

"ನಿಮಗ ಹೊಲಿಯಾಕ ಬರತೈತಲ್ರಿ," ಎಂದಳು ರಾಜೇಶ್ವರಿ, ಮೂಗು ಒರೆಸಿಕೊಂಡು. "ಈ ಬುಟ್ಟ್ಯಾಗಿನ್ವು ತುಂಬಾಕ ಒಂದು ಚೀಲಾ ಹೊಲೀರಿ. ಅದು ನಿಮ್ಮ ಕಾಣಿಕಿ."

ಹಬ್ಬದ ದಿನ ದೇವರ ಮುಂದೆ ಕುಂಬಳಕಾಯಿಗಳ ನಡುವೆ ನೀಲಿ ಅಂಚಿನ ಚೀಲವೊಂದು ಕೂತಿತ್ತು. ಅಳತೆ ಬಲ್ಲ ದರ್ಜಿ, ಅರ್ಧ ಬುಟ್ಟಿಗೆ ಸರಿಯಾಗಿ ಕತ್ತರಿಸಿದ್ದರಿಂದ ಚೀಲ ಬಾಯಿತನಕ ತುಂಬಿತ್ತು.

"ಮಾಸ್ತರ, ಬುಟ್ಟಿ ತುಂಬ್ತೇನ್ರಿ?" ಎಂದರು ಪರಶಪ್ಪನವರು, ಸಭೆಯ ಎದುರಿಗೇ.

ಮಾಸ್ತರರ ಬಾಯಲ್ಲಿ ಗಜೇಂದ್ರಗಡದ ಗುಡ್ಡದಷ್ಟು ದೊಡ್ಡ ಉತ್ತರ ಸಿದ್ಧವಾಗಿತ್ತು. ಮುಂದಿನ ಸಾಲಿನಲ್ಲಿ ರಾಜೇಶ್ವರಿ ಕೈ ಕಟ್ಟಿ ಕೂತಿದ್ದಳು. ಉಗುರಿನ ಕಪ್ಪು ಇನ್ನೂ ಹೋಗಿರಲಿಲ್ಲ. ಗುಡ್ಡ ಗಂಟಲಲ್ಲೇ ಕುಸಿಯಿತು.

"ಇಲ್ರಿ ಹಿರೇರ. ಅರ್ಧ ಆತು. ಆ ಅರ್ಧ ಖರೇ ಈ ಹುಡುಗ್ರ ಬೆವರು. ಹುರದವು ಜಂಗ್ಲಿಸಾಬನ ಕಡಿಂದ ತಂದು ನಾನ ಹೂತಿದ್ದೆ. ನೆಲ ಹುರದಿಲ್ಲ, ಇಲಿ ತಂದಿಲ್ಲ. ಸಾಲಿ ಬಿಡಾಕ ಮನಸ ಬರಲಿಲ್ಲ, ಅದಕ್ಕ. ಚೀಲ ಒಂದ ನಂದು."

ಪರಶಪ್ಪನವರು ಚೀಲದ ಅಂಚನ್ನು ಬೆರಳಿಂದ ಸವರಿದರು. "ಹೊಲಿಗಿ ಚಲೋ ಐತಿ. ಬರೂ ರವಿವಾರ ಹುಡುಗ್ರಿಗೆ ಇದನ್ನ ಹೇಳ್ರಿ, ಇದಿಷ್ಟ ಹೇಳ್ರಿ."

ಉಮೇಶ ಎದ್ದು ನಿಂತ. "ಮಾಸ್ತರ್ರ, ಮತ್ತ ಉಪ್ಪು?"

"ಉಪ್ಪೂ ಜಂಗ್ಲಿಸಾಬಂದಪಾ."

"ಮತ್ತ ನಿಮ್ಮ ಮಿಷನ್ನಿನ ಸಪ್ಪಳಕ್ಕ ಹೊರಡೂ ಬಸ್ಸು?"

ಮಾಸ್ತರರು ತಲೆ ತಗ್ಗಿಸಿದರು.

"ಡ್ರೈವರ ಹೊಡೀತಾನೋ ತಮ್ಮಾ."