ಚಂದ್ರವ್ವ ತಂದ ಬಳ್ಳಿ

ಮಲಾಡ್ ಸ್ಟೇಷನ್ನಿನಿಂದ ಪಡುವಣಕ್ಕೆ, ಮಾರ್ವೆಯ ಉಪ್ಪುನೀರಿನ ಖಾಡಿಯ ಕಡೆ ಎರಡು ಮೈಲಿ ನಡೆದರೆ ಸಿದ್ದಲಿಂಗಪ್ಪನ ವಾಡಿ ಸಿಗುತ್ತಿತ್ತು. ವಾಡಿ ಎಂದರೆ ಏನು ಮಹಾ, ಒಂದೂವರೆ ಎಕರೆ ತೋಟ, ಒಂದು ಬಾವಿ, ಒಂದು ತಗಡಿನ ಮನೆ. ಸುತ್ತಲಿನವರೆಲ್ಲ ಬದನೆ, ಬೆಂಡೆ, ಮಲ್ಲಿಗೆ ಬೆಳೆಯುವವರು. ಇವನೊಬ್ಬ ದ್ರಾಕ್ಷಿಗೆ ಬಿದ್ದಿದ್ದ. ಉಪ್ಪುಗಾಳಿ ಬಡಿಯುವ ನೆಲದಲ್ಲಿ ದ್ರಾಕ್ಷಿಯೇ ಎಂದು ನಗದವರಿಲ್ಲ. ಧಾರಾವಿಯಲ್ಲಿ ಜೋಳದ ಅಂಗಡಿ ಇಟ್ಟಿದ್ದ ಅವನ ಗೆಳೆಯ ಗದಿಗೆಪ್ಪ ಬಂದಾಗಲೆಲ್ಲ ಒಂದು ಕಾಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ, "ಏ ಸಿದ್ದಲಿಂಗಪ್ಪಾ, ಹುಣಸಿಹಣ್ಣು ತುಟ್ಟಿ ಆಗೇತೋ ಮಾರಾಯಾ, ಇದನ್ನ ಸಾರಿಗಿ ಹಾಕಾಕ ಮಾರು" ಎನ್ನುತ್ತಿದ್ದ.

ನಲವತ್ತು ಬಳ್ಳಿ. ಮೂವತ್ತೊಂಬತ್ತನ್ನು ಅವನು ನಾಸಿಕದ ಕಡೆಯಿಂದ ತಂದು, ಹಾಲವಾಣದ ಗಿಡ ನೆಟ್ಟು ಹಬ್ಬಿಸಿದ್ದ. ನಲವತ್ತನೆಯದು ಬಾವಿಕಟ್ಟೆಯ ಪಕ್ಕದ್ದು. ಅದನ್ನು ಅವನ ಹೆಂಡತಿ ಚಂದ್ರವ್ವ ತನ್ನ ತವರು ತಿಕೋಟಿಯಿಂದ, ಒದ್ದೆ ಅರಿವೆಯಲ್ಲಿ ಸುತ್ತಿ, ರೈಲಿನಲ್ಲಿ ಎರಡು ದಿನ ಮಡಿಲಲ್ಲಿಟ್ಟುಕೊಂಡು ತಂದದ್ದು. ಮಗಳು ಶರಣವ್ವ ಆಗ ಹುಟ್ಟಿರಲಿಲ್ಲ. "ಮೊದಲು ಈ ಬಳ್ಳಿ ಹೊತ್ತೆ, ಆಮ್ಯಾಲ ನಿನ್ನ ಹೊತ್ತೆ" ಎಂದು ಚಂದ್ರವ್ವ ಮಗಳಿಗೆ ಹೇಳುತ್ತಿದ್ದಳು.

ಐವತ್ತಮೂರನೆಯ ಇಸವಿಯ ಮಳೆಗಾಲದಲ್ಲಿ ಚಂದ್ರವ್ವ ಜ್ವರ ಬಂದು ಒಂಬತ್ತು ದಿನಕ್ಕೆ ತೀರಿಕೊಂಡಳು. ಶರಣವ್ವನಿಗೆ ಹನ್ನೊಂದು ವರ್ಷ.

ಅಂದಿನಿಂದ ಸಿದ್ದಲಿಂಗಪ್ಪ ಮಾತು ಬಿಟ್ಟ. ಮೊದಲು ಅವನು ಮಾತಿನ ಮನುಷ್ಯ. ಬಳ್ಳಿಗೆ ನೀರು ಹಾಯಿಸುತ್ತ ಬಳ್ಳಿಯ ಜೊತೆ, ಲಿಂಗಪೂಜೆ ಮುಗಿಸಿ ಹೆಂಡತಿಯ ಜೊತೆ, ಯಾರೂ ಸಿಗದಿದ್ದರೆ ಬಾವಿಯ ಗಡಗಡಿಯ ಜೊತೆ ಮಾತಾಡುತ್ತಿದ್ದವನು. ಈಗ ಅವನ ಬಾಯಿಂದ ಬರುತ್ತಿದ್ದದ್ದು "ಕತ್ತರಿ ಕೊಡು", "ಸಾಕು", "ಹೂಂ", ಇಷ್ಟೇ. ಮನೆ ನೋಡಿಕೊಳ್ಳಲು ಊರಿಂದ ಬಂದ ಅವನ ಅಕ್ಕ ಬಸಲಿಂಗವ್ವ ಒಲೆಯ ಮುಂದೆ ಕೂತು ಗೊಣಗುತ್ತಿದ್ದಳು: "ನಮ್ಮ ಸಿದ್ದ ಸಣ್ಣಾವಿದ್ದಾಗ ಬಾಯಿ ಮುಚ್ಚಂದ್ರ ಮುಚ್ಚತಿದ್ದಿಲ್ಲ. ಈಗ ತಗೀ ಅಂದ್ರ ತಗ್ಯಾಂಗಿಲ್ಲ. ಗ್ವಾಡಿ ಕೂಡ ಮಾತಾಡಿದ್ರರ ಗ್ವಾಡಿಯಿಂದ ಎರಡು ಹೆಂಟಿ ಉದುರತಾವ."

ಶರಣವ್ವ ಅಪ್ಪನ ಹಿಂದೆ ಹಿಂದೆ ನಡೆಯುತ್ತಿದ್ದಳು. ಅವನು ಕತ್ತರಿಸಿದ ಕಡ್ಡಿ ಆರಿಸುವುದು ಅವಳ ಕೆಲಸ. ಒಂದು ಮಾತು ಬೀಳುತ್ತದೇನೋ ಎಂದು ಕಾಯುವುದು ಯಾರೂ ಹೇಳದೆ ಅವಳೇ ಹಚ್ಚಿಕೊಂಡ ಕೆಲಸ.

ದ್ರಾಕ್ಷಿಗೆ ವರ್ಷದಲ್ಲಿ ಎರಡು ಸಲ ಕತ್ತರಿ ಆಡಿಸಬೇಕು. ಇದಕ್ಕೆ ಚಾಟಣಿ ಎನ್ನುತ್ತಾರೆ. ಬೇಸಿಗೆಯ ಚಾಟಣಿಯಲ್ಲಿ ಪ್ರತಿ ಕಡ್ಡಿಗೂ ಒಂದೇ ಕಣ್ಣು, ಅಂದರೆ ಒಂದೇ ಮೊಗ್ಗು ಬಿಟ್ಟು ಮೇಲಿನದನ್ನೆಲ್ಲ ಕಡಿದುಬಿಡಬೇಕು. ಅದರಿಂದ ಹೊಸ ಕಡ್ಡಿ ಬರುತ್ತದೆ. ದಸರೆಯ ಚಾಟಣಿಯಲ್ಲಿ ಹಾಗಲ್ಲ, ಐದೋ ಆರೋ ಕಣ್ಣು ಉಳಿಸಬೇಕು. ಹಣ್ಣು ಕೂತಿರುವುದು ಮೇಲಿನ ಕಣ್ಣುಗಳಲ್ಲಿ. ಅವನ್ನು ಕಡಿದರೆ ಆ ವರ್ಷ ಬರೀ ಎಲೆ. ಈ ಲೆಕ್ಕ ಚಂದ್ರವ್ವನಿಗೆ ತವರಿನಿಂದಲೇ ಬಂದಿತ್ತು. ಶರಣವ್ವನಿಗೆ ಹೇಳಿಕೊಡುವ ಮೊದಲೇ ಅವಳು ಹೋಗಿಬಿಟ್ಟಳು.

ಸಿದ್ದಲಿಂಗಪ್ಪನದು ಇನ್ನೊಂದು ಪದ್ಧತಿಯಿತ್ತು. ದಸರೆಯ ದಿನ ಜನರೆಲ್ಲ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುವರಲ್ಲ, ಅವನು ಮೊದಲು ಬಳ್ಳಿಗಳಿಗೆ ಬನ್ನಿ ಕೊಡುತ್ತಿದ್ದ. ಒಂದೊಂದರ ಬುಡಕ್ಕೂ ಒಂದೊಂದು ಎಲೆ. ಮರುದಿನ ಕತ್ತರಿ ಹಿಡಿಯುತ್ತಿದ್ದ.

ಐವತ್ತನಾಲ್ಕರ ದಸರೆಗೆ ಎರಡು ವಾರ ಇದ್ದಾಗ ಬಾವಿಕಟ್ಟೆಯ ಬಳ್ಳಿ ಹಳದಿ ತಿರುಗಿತ್ತು. ಚಂದ್ರವ್ವ ಹೋದ ವರ್ಷ ಅದು ಒಂದೂ ಗೊಂಚಲು ಬಿಟ್ಟಿರಲಿಲ್ಲ. ಸಿದ್ದಲಿಂಗಪ್ಪ ಅದರ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ, ತಿಂಗಳಿಗೊಮ್ಮೆ ಬರುವಂಥ ಉದ್ದ ಮಾತು ಆಡಿದ.

"ಈ ವರ್ಷ ಬರದಿದ್ರ ಕಿತ್ತು ಒಗೀಬೇಕು. ಬ್ಯಾರೆ ಬಳ್ಳಿಗಿ ರೋಗ ಹತ್ತತೈತಿ."

ಶರಣವ್ವ ಅವ್ವನನ್ನು ಮಣ್ಣಿನಲ್ಲಿಟ್ಟದ್ದನ್ನು ನೋಡಿದ್ದಳು. ಈಗ ಅವ್ವ ತಂದದ್ದನ್ನು ಮಣ್ಣಿನಿಂದ ಕೀಳುವುದನ್ನೂ ನೋಡಬೇಕು. ಅದೂ ಹೋದಮೇಲೆ ಅಪ್ಪನಿಗೆ ಮಾತಾಡಲು ಈ ತೋಟದಲ್ಲಿ ಏನು ಉಳಿಯುತ್ತದೆ?

ದಿನಾ ಮುಂಜಾನೆ ವಾಡಿಯ ಬೇಲಿಯ ಪಕ್ಕದಲ್ಲೇ ಮೀನುಗಾರರ ಕೋಳಿವಾಡದ ನಾಗೂಬಾಯಿ ಮೀನಿನ ಬುಟ್ಟಿ ಹೊತ್ತು ಸ್ಟೇಷನ್ನಿಗೆ ಹೋಗುವಳು. ಮರಾಠಿಯ ಹೆಂಗಸಾದರೂ ಇವರ ಜೊತೆ ಮಾತಾಡಿ ಮಾತಾಡಿ ನಾಲ್ಕು ಕನ್ನಡ ಕಲಿತಿದ್ದಳು. ಬಸಲಿಂಗವ್ವ ಮೂಗಿಗೆ ಸೆರಗು ಹಿಡಿದರೆ "ಕಾಯ್ ಆಜೀ, ನನ್ ಮೀನು ಅತ್ತರ್ ಅದೆ, ಅತ್ತರ್!" ಎಂದು ನಕ್ಕು ಮುಂದೆ ಹೋಗುವಳು. ಅಂದು ಅವಳು ಬೇಲಿಯಾಚೆ ನಿಂತು ಹಳದಿ ಬಳ್ಳಿಯನ್ನು ನೋಡಿ ಶರಣವ್ವನಿಗೆ ಹೇಳಿದಳು:

"ಅಗ ಪೋರಿ, ಇದಕ್ಕೆ ಹಸಿವು. ಒಣಾ ಮೀನು ಹಾಕು ಬುಡಕ್ಕೆ. ನನ್ ತೆಂಗಿನಮರಕ್ಕೆ ನಾ ಅದೇ ಹಾಕೋದು. ನೋಡು ಆಮೇಲೆ."

"ನಮ್ಮಲ್ಲಿ ನಡ್ಯಾಂಗಿಲ್ಲ."

"ನಿಮ್ಗೆ ನಡೆಯಲ್ಲ. ಬಳ್ಳಿಗೆ ಯಾಕೆ ನಡೆಯಲ್ಲ? ಬಳ್ಳಿ ಲಿಂಗ ಕಟ್ಟಿದೆ ಕಾಯ್?"

ಸಿದ್ದಲಿಂಗಪ್ಪ ಕೊರಳಲ್ಲಿ ಲಿಂಗ ಧರಿಸಿದವನು. ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡದೆ, ಅದಕ್ಕೆ ತೋರಿಸದೆ ಒಂದು ತುತ್ತು ತಿಂದವನಲ್ಲ. ಅವನ ಮನೆಯಲ್ಲಿ ಮೀನೆಂಬ ಮಾತೇ ಇರಲಿಲ್ಲ. ಇದೆಲ್ಲ ಶರಣವ್ವನಿಗೆ ಗೊತ್ತಿತ್ತು. ಗೊತ್ತಿದ್ದೂ, ಮರುದಿನ ಅಪ್ಪ ಮಲಾಡ್ ಬಾಜಾರಿಗೆ ಹೋದ ಹೊತ್ತಿನಲ್ಲಿ, ನಾಗೂಬಾಯಿ ಕೊಟ್ಟ ಮಾರದೆ ಉಳಿದ ಒಣಮೀನಿನ ಚೂರಿನ ಗಂಟನ್ನು ಬೇಲಿಯ ಸಂದಿಯಿಂದ ಇಸಿದುಕೊಂಡಳು. ಬುಡದ ಸುತ್ತ ಮೊಣಕೈ ಆಳ ತೋಡಿ ಹಾಕಿ, ಮೇಲೆ ಸಗಣಿ, ಅದರ ಮೇಲೆ ಮಣ್ಣು, ಅದರ ಮೇಲೆ ನಾಯಿ ಕೆದರದಂತೆ ಬಾವಿಕಟ್ಟೆಯ ಎರಡು ಕಲ್ಲು. ಮೂರು ಸಲ ಸೀಗೆಕಾಯಿ ಹಾಕಿ ಕೈ ತೊಳೆದಳು. ಊಟಕ್ಕೆ ಕೂತಾಗ ಕೈ ಮೂಸಿದಳು.

"ಏನ ನಾತ ಬರಾಕತ್ತೇತಿ?" ಎಂದಳು ಬಸಲಿಂಗವ್ವ.

"ಖಾಡಿ ಕಡಿಂದ ಗಾಳಿ ಬಿಟ್ಟೇತಿ, ಅತ್ತಿ."

ದಸರೆ ಬಂತು. ಬನ್ನಿ ಕೊಟ್ಟದ್ದಾಯಿತು, ಚಾಟಣಿ ಆಯಿತು. ದೀಪಾವಳಿಯ ಹೊತ್ತಿಗೆ ಬಾವಿಕಟ್ಟೆಯ ಬಳ್ಳಿ ಎಲ್ಲಕ್ಕಿಂತ ಮುಂದೆ ಚಿಗುರಿತು. ಸಂಕ್ರಮಣದಲ್ಲಿ ಗೊಂಚಲು ತೂಗಿಬಿದ್ದವು. ಶಿವರಾತ್ರಿಗೆ ನಾಲ್ಕು ದಿನ ಇದ್ದಾಗ ಸಿದ್ದಲಿಂಗಪ್ಪ ಅದರ ಮೊದಲ ಗೊಂಚಲು ಕೊಯ್ದು, ತೊಳೆದು, ಪೂಜೆಯಲ್ಲಿ ಅಂಗೈಯ ಲಿಂಗಕ್ಕೆ ತೋರಿಸಿ, ಒಂದು ಕಾಳು ಬಾಯಿಗೆ ಹಾಕಿಕೊಂಡ. ಕೂತವನು ಕೂತೇ ಇದ್ದ. ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಬಂದಿತ್ತು.

"ಶರಣೀ, ಬಾ ಇಲ್ಲಿ. ತಿನ್ನು. ತಿಕೋಟಿ ಹಣ್ಣದು. ಅದ ರುಚಿ. ನಿಮ್ಮವ್ವ ಬಂದಾಳ ನೋಡು."

ಶರಣವ್ವ ತಿಂದಳು. ಸಿಹಿಯೋ ಹುಳಿಯೋ ನಾಲಿಗೆಗೆ ತಿಳಿಯಲಿಲ್ಲ.

ಅಂದಿನಿಂದ ಅವನಿಗೆ ಮಾತು ಬಂತು. ಕಟ್ಟೆ ಒಡೆದ ಹಾಗೆ ಬಂತು. ಚಂದ್ರವ್ವ ಆ ಕಡ್ಡಿಯನ್ನು ರೈಲಿನಲ್ಲಿ ತಂದದ್ದು, ಅದಕ್ಕೂ ಟಿಕೀಟು ತೆಗೆಯಬೇಕೇನು ಎಂದು ಟಿ.ಸಿ.ಯನ್ನು ಕೇಳಿದ್ದು, ಅವನು ಬಿದ್ದು ಬಿದ್ದು ನಕ್ಕದ್ದು. ಶರಣವ್ವ ಹುಟ್ಟಿದ ದಿನ ಮಳೆಗೆ ತಗಡು ಹಾರಿಹೋದದ್ದು. ಬಸಲಿಂಗವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ, "ಅಯ್ಯ, ಸಾಕು ಮಾಡೋ. ಒಂದೂವರಿ ವರ್ಷದ್ದು ಒಂದ ದಿನ ಆಡ್ತೀ ಏನು?" ಎಂದು ಗದರಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಮೂರು ದಿನ ಶರಣವ್ವ ಅಪ್ಪನನ್ನು ಬಿಟ್ಟು ಕದಲಲಿಲ್ಲ. ಯಾರಿಗೂ ಹೇಳುವುದಿಲ್ಲ, ಸತ್ತರೂ ಹೇಳುವುದಿಲ್ಲ ಎಂದುಕೊಂಡಳು.

ಮೂರನೆಯ ಸಂಜೆ ಗದಿಗೆಪ್ಪ ಬಂದ. ಊರ ಕಡೆಯ ಸ್ವಾಮಿಗಳು ಧಾರಾವಿಗೆ ದಯಮಾಡಿಸಿದ್ದಾರೆ, ಶಿವರಾತ್ರಿಯ ದಿನ ಪಾದಪೂಜೆ, ಎಲ್ಲರೂ ಬರಬೇಕು ಎಂದ. ಸಿದ್ದಲಿಂಗಪ್ಪ ಕೊಟ್ಟ ಕಾಳು ತಿಂದು, ಎಂದಿನಂತೆ ಕಣ್ಣು ಮುಚ್ಚಲು ಹೋಗಿ, ತೆರೆದ.

"ಏನೋ ಇದು! ಸಕ್ಕರಿ ಹಚ್ಚಿ ಕೊಟ್ಟೀ ಏನು?"

"ಸ್ವಾಮಿಗೋಳಿಗಿ ಇದನ್ನ ಒಯ್ಯಾಂವ ನಾನು" ಎಂದ ಸಿದ್ದಲಿಂಗಪ್ಪ. "ಉಳದಿದ್ದೆಲ್ಲ ಕೊಯ್ದು ಒಂದ ಬುಟ್ಟಿ ತುಂಬ ಒಯ್ತೀನಿ. ಅವರು ಸ್ವೀಕಾರ ಮಾಡಿದ್ರ ಅಕಿಗೆ ಮುಟ್ಟಿದಂಗ."

ಶಿವರಾತ್ರಿಯ ಮುಂಜಾನೆ ಅಪ್ಪ ಮಗಳು ನಡೆದು ಸ್ಟೇಷನ್ನಿಗೆ ಬಂದರು. ಮಾಹೀಮಿನಲ್ಲಿ ಇಳಿದು ಧಾರಾವಿಗೆ ನಡೆಯಬೇಕು. ಬುಟ್ಟಿಯ ಮೇಲೆ ಚಂದ್ರವ್ವನ ಇಳಕಲ್ ಸೀರೆಯ ಒಂದು ತುಂಡು ಹೊದಿಸಿತ್ತು. ದಾರಿಯುದ್ದಕ್ಕೂ ಸಿದ್ದಲಿಂಗಪ್ಪ ಮಾತಾಡುತ್ತಿದ್ದ. ಶರಣವ್ವನಿಗೆ ಒಂದೂ ಕಿವಿಗೆ ಬೀಳಲಿಲ್ಲ. ಅಪ್ಪ ತಿಳಿಯದೆ ತಿಂದ, ಆ ಪಾಪ ತನಗೆ ಇರಲಿ. ಆದರೆ ಸ್ವಾಮಿಗಳ ಕೈಗೆ, ಅಪ್ಪನ ಕೈಯಿಂದಲೇ, ಅವ್ವನ ಹೆಸರಿನಲ್ಲಿ? ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬುಟ್ಟಿ ಇಟ್ಟು ಕೂತಾಗ ಅವಳ ಹಲ್ಲು ಕಟಕಟ ಅನ್ನತೊಡಗಿತು.

"ಯಾಕ, ಥಂಡಿ ಏನು?"

"ಅಪ್ಪಾ, ಆ ಹಣ್ಣು ಒಯ್ಯಬ್ಯಾಡ."

"ಯಾಕ?"

"ಬಳ್ಳಿ ಬುಡಕ ನಾ ಮೀನ ಹಾಕೀನಿ. ಒಣಾ ಮೀನ. ದಸರಾಕಿಂತ ಮೊದಲ."

ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅವನ ಕೈ ತಾನಾಗಿ ಎದ್ದು, ಅಂಗಿಯ ಮೇಲಿಂದ ಎದೆಯ ಲಿಂಗವನ್ನು ಮುಚ್ಚಿಕೊಂಡಿತು, ಯಾರೋ ಹೊಡೆಯಲು ಬಂದ ಹಾಗೆ. ಶರಣವ್ವ ಹೊಡೆತಕ್ಕೆ ಕಾದಳು. ಹೊಡೆದಿದ್ದರೆ ಚೆನ್ನಾಗಿತ್ತು.

ಲೋಕಲ್ ಬಂತು, ನಿಂತಿತು, ಹೋಯಿತು.

ಬೆಂಚಿನಾಚೆ ನಾಗೂಬಾಯಿ ತನ್ನ ಬುಟ್ಟಿಯ ಜೊತೆ ಮುಂದಿನ ಗಾಡಿಗೆ ಕಾಯುತ್ತ ಕೂತಿದ್ದಳು. ಸಿದ್ದಲಿಂಗಪ್ಪ ಎದ್ದು, ಇಳಕಲ್ ತುಂಡನ್ನು ತೆಗೆದು ಮಡಿಸಿ ಜೇಬಿಗಿಟ್ಟುಕೊಂಡು, ದ್ರಾಕ್ಷಿಯ ಬುಟ್ಟಿಯನ್ನು ಅವಳ ಮುಂದೆ ಇಟ್ಟ.

"ನಿಮ್ಮ ಮಕ್ಕಳಿಗಿ."

"ಅಗಬಾಯೀ! ಎಲ್ಲಾ?" ಅವಳು ಹಿಗ್ಗಿ ಒಂದು ಗೊಂಚಲು ಎತ್ತಿ, "ನೋಡ್ ಪೋರಿ, ನಾ ಹೇಳಿಲ್ವಾ?" ಎಂದು ಶರಣವ್ವನತ್ತ ಕಣ್ಣು ಮಿಟುಕಿಸಿದಳು.

ತಿರುಗಿ ಎರಡು ಮೈಲಿ. ಅವನು ಮುಂದೆ, ಶರಣವ್ವ ಹಿಂದೆ. ಬೇಲಿಯ ಹತ್ತಿರ ನಿಂತು ಹೇಳಿದ: "ನಿಮ್ಮತ್ತಿಗಿ ಹೇಳಬ್ಯಾಡ. ಅಕಿ ವಯಸ್ಸಾದಾಕಿ, ತಡಕೊಳ್ಳೂದಿಲ್ಲ. ಗಾಡಿ ತಪ್ಪಿತು ಅನ್ನೂಣು."

ಅಷ್ಟೇ. ಒಳಗೆ ಹೋಗಿ ಲಿಂಗಪೂಜೆಗೆ ಕೂತ. ಆ ದಿನ ಶಿವರಾತ್ರಿಯ ಉಪವಾಸ ಎಲ್ಲರಿಗೂ ಇತ್ತು. ಅವನು ಅದನ್ನು ಐದು ದಿನ ಮಾಡಿದ. ಬಸಲಿಂಗವ್ವ ಬೈದಳು, ಅತ್ತಳು, ತಾನೂ ಉಣ್ಣುವುದಿಲ್ಲವೆಂದು ಹೆದರಿಸಿದಳು. ಆರನೆಯ ದಿನ ಗಂಜಿ ಕುಡಿದ. ಮಾತು ಮಾತ್ರ ಬಂದ ದಾರಿಯಲ್ಲೇ ಹೋಯಿತು. ಮತ್ತೆ "ಕತ್ತರಿ ಕೊಡು", "ಸಾಕು", "ಹೂಂ". ತಂದುಕೊಟ್ಟವಳೂ ತಾನೇ, ಕಳೆದವಳೂ ತಾನೇ ಎಂದು ಶರಣವ್ವ ಬಾವಿಕಟ್ಟೆಯ ಹಿಂದೆ ಕೂತು ಅಳುತ್ತಿದ್ದಳು.

ಬೇಸಿಗೆಯ ಚಾಟಣಿಯನ್ನು ಅವನು ನಲವತ್ತಕ್ಕೂ ಮಾಡಿದ. ಈ ಸಲ ಶರಣವ್ವ ಕಡ್ಡಿ ಆರಿಸುತ್ತ ಅವನ ಕೈಯನ್ನೇ ನೋಡಿದಳು. ಒಂದು ಕಣ್ಣು ಬಿಟ್ಟು ಕಡಿಯಬೇಕು ಎಂದು ಕಲಿತಳು.

ದಸರೆ ಬಂತು. ಸಿದ್ದಲಿಂಗಪ್ಪ ಮೂವತ್ತೊಂಬತ್ತು ಬಳ್ಳಿಗೆ ಬನ್ನಿ ಕೊಟ್ಟು, ಉಳಿದ ಒಂದು ಎಲೆಯನ್ನು ಮಗಳ ಕೈಯಲ್ಲಿಟ್ಟ. ಮರುದಿನ ತನ್ನ ಸಾಲು ಮುಗಿಸಿ ಕತ್ತರಿಯನ್ನೂ ಅವಳ ಕೈಗೇ ಕೊಟ್ಟ.

"ಅದು ನಿಂದು. ನೀನ ಮಾಡು."

ಅವಳು ತಾನು ಕಲಿತ ಹಾಗೆಯೇ, ಒಂದೊಂದೇ ಕಣ್ಣು ಬಿಟ್ಟು, ತಪ್ಪಾಗಬಾರದೆಂದು ಉಸಿರು ಬಿಗಿಹಿಡಿದು ಎಲ್ಲ ಕಡ್ಡಿ ಕಡಿದಳು. ಅವನು ಹತ್ತು ಹೆಜ್ಜೆ ದೂರದಲ್ಲಿ ಕೂತು ನೋಡುತ್ತಿದ್ದ. ಬಾಯಿ ಒಂದು ಸಲ ತೆರೆಯಿತು, ಮುಚ್ಚಿತು. ಮುಗಿದಮೇಲೆ ಒಳಗಿನಿಂದ ತನ್ನ ಪೂಜೆಯ ವಿಭೂತಿ ತಂದು, ನೀರಿನಲ್ಲಿ ಕಲಸಿ, ಹನಿ ಒಸರುವ ಒಂದೊಂದು ಗಾಯಕ್ಕೂ ಬೆರಳಿನಿಂದ ಹಚ್ಚಿದ.

"ದಸರಾ ಚಾಟಣಿಗಿ ಆರು ಕಣ್ಣು ಬಿಡಬೇಕು, ಶರಣೀ. ಈ ವರ್ಷ ಹಣ್ಣು ಬರೂದಿಲ್ಲ."

ಅವಳ ಕೈಯಿಂದ ಕತ್ತರಿ ಬಿತ್ತು. "ಮತ್ತ ನೀ ಯಾಕ ಹೇಳಲಿಲ್ಲಪ್ಪಾ? ನೋಡ್ಕೋತ ಕುಂತಿದ್ದೆಲ್ಲ!"

ಅವನು ಬೆರಳಿಗೆ ಅಂಟಿದ ವಿಭೂತಿಯನ್ನು ಕೊನೆಯ ಗಾಯಕ್ಕೆ ಒರೆಸಿದ.

"ಹಣ್ಣು ಬಂದಿದ್ರ ನಾ ಏನ್ ಮಾಡಲಿ? ಲಿಂಗಕ್ಕ ತೋರಸಾಕ ಬರೂದಿಲ್ಲ. ನಿಮ್ಮವ್ವನ ಹಣ್ಣು ಒಗ್ಯಾಕೂ ಬರೂದಿಲ್ಲ."

ಆ ವರ್ಷ ಬಾವಿಕಟ್ಟೆಯ ಬಳ್ಳಿ ಬರೀ ಎಲೆ ಬಿಟ್ಟಿತು. ದಟ್ಟ ಹಸಿರು ಎಲೆ, ಮಧ್ಯಾಹ್ನದ ಬಿಸಿಲು ಒಂದು ಹನಿಯೂ ಕೆಳಗೆ ಇಳಿಯದಷ್ಟು. ಸಿದ್ದಲಿಂಗಪ್ಪ ಊಟ ಮುಗಿಸಿ ಅದರ ನೆರಳಿಗೆ ಬಂದು ಕೂರತೊಡಗಿದ. ಶರಣವ್ವನೂ ಬಂದು ಕೂರುತ್ತಿದ್ದಳು.

ಮುಂದಿನ ದಸರೆಗೂ ಅವನು ಒಂದು ಬನ್ನಿ ಎಲೆ ಉಳಿಸಿದ, ಕತ್ತರಿ ಕೊಟ್ಟ. ಈಗ ಶರಣವ್ವನಿಗೆ ಹದಿನಾಲ್ಕು, ಆರು ಕಣ್ಣಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಮೊದಲ ಕಡ್ಡಿಯನ್ನು ಹಿಡಿದು ಬೆರಳಿನಿಂದ ಆರರ ತನಕ ಎಣಿಸಿದಳು. ಆಮೇಲೆ ಬೆರಳನ್ನು ಕೆಳಗೆ ಇಳಿಸಿಕೊಂಡು ಬಂದು, ಒಂದೇ ಕಣ್ಣು ಬಿಟ್ಟು ಕಡಿದಳು. ಎರಡನೆಯದನ್ನೂ ಹಾಗೆಯೇ. ಹಿಂದೆ ಅಪ್ಪ ವಿಭೂತಿ ಕಲಸುವ ಸದ್ದು ಕೇಳಿತು.