ಕೆನ್ನೆಗೆ ಸಿಕ್ಕ ಗುಂಡುಸೂಜಿ

ಹೊಲಿದ ಬಟ್ಟೆ ಗಿರಾಕಿಯ ಕೈ ಸೇರುವ ಮೊದಲು ಅದರಲ್ಲಿ ಗುಂಡುಸೂಜಿ ಉಳಿದಿದೆಯೇ ಎಂದು ನೋಡುವ ಕೆಲಸ ತಂಗಿಯದು. ಬಟ್ಟೆಯ ಒಳಮಗ್ಗುಲನ್ನು ಹೊರಗೆ ಮಾಡಿ, ಹೊಲಿಗೆಯ ಉದ್ದಕ್ಕೂ ಬೆರಳ ತುದಿ ಆಡಿಸಬೇಕು. ಕಣ್ಣಿಗೆ ಬೀಳದ ಸೂಜಿ ಬೆರಳಿಗೆ ಸಿಗುತ್ತದೆ. ಕತ್ತರಿ, ಮೆಷಿನ್ನು, ಗಿರಾಕಿಗಳಿಗೆ ಸುಳ್ಳು ವಾಯಿದೆ ಹೇಳುವುದು ಅಣ್ಣನ ಪಾಲಿಗೆ.

"ಅಣ್ಣಾ, ಬೆರಳ ತುದಿ ಜೋಮು ಹಿಡೀತಿದೆ. ಎಷ್ಟು ಕೊಡವಿದ್ರೂ ಹೋಗಲ್ಲ" ಎಂದಳು ಹೋದ ವರ್ಷ.

"ಕೈನ ತಲೆ ಕೆಳಗೆ ಇಟ್ಕೊಂಡು ಮಲಗಿದ್ರೆ ಇನ್ನೇನಾಗುತ್ತೆ?"

ಅತ್ತಿಗೆ ರಕ್ತ ಕಡಿಮೆಯಾಗಿದೆ ಎಂದಳು. ಇಸ್ತ್ರಿಯವನು ಸಕ್ಕರೆ ಕಾಯಿಲೆ ಎಂದ; ಅವನ ಪ್ರಕಾರ ಎಲ್ಲ ಕಾಯಿಲೆಯೂ ಅದೇ. ಎಲ್ಲರೂ ಒಂದೊಂದು ಕಾರಣ ಕೊಟ್ಟರು, ಯಾರೂ ಡಾಕ್ಟರ ಹತ್ತಿರ ಕರೆದೊಯ್ಯಲಿಲ್ಲ. ಸೀಸನ್ ಮುಗಿಯಲಿ ಎಂದ ಅಣ್ಣ. ಅವನ ಸೀಸನ್ ಮುಗಿದದ್ದೇ ಇಲ್ಲ.

ಆಮೇಲೆ ಅವಳು ಬಟ್ಟೆಯನ್ನು ಕೆನ್ನೆಗೆ ಸವರಿಕೊಳ್ಳತೊಡಗಿದಳು. ಹೊಸ ಬಟ್ಟೆಯ ಮೋಹ ಎಂದುಕೊಂಡ ಅಣ್ಣ 'ಬೆಕ್ಕು' ಎಂದು ಹೆಸರಿಟ್ಟ. ಅವಳು ಬಟ್ಟೆ ಎತ್ತಿದಾಗಲೆಲ್ಲ ಮೆಷಿನ್ ನಿಲ್ಲಿಸಿ "ಮ್ಯಾವ್" ಎನ್ನುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಕೆನ್ನೆ ಗೀರಿ ರಕ್ತ ಬಂತು.

"ಸೂಜೀನ ಮುಖದಲ್ಲಿ ಹುಡುಕ್ತಾರೇನೇ? ಬೆರಳಿಲ್ವಾ?"

"ಬೆರಳಿಗೆ ಗೊತ್ತಾಗಲ್ಲಣ್ಣ. ಕೆನ್ನೆಗೆ ಗೊತ್ತಾಗುತ್ತೆ."

ಡಾಕ್ಟರಮ್ಮ ಅವಳ ಅಂಗೈ ತಿರುಗಿಸಿ, ಹೆಬ್ಬೆರಳ ಬುಡದ ಮಾಂಸ ಚಪ್ಪಟೆಯಾದದ್ದನ್ನು ಅಣ್ಣನಿಗೆ ತೋರಿಸಿದರು. ರಕ್ತ, ಸಕ್ಕರೆ, ಕುತ್ತಿಗೆ ಎಲ್ಲ ನೋಡಿಸಿದ್ದಾಯಿತು, ಎಲ್ಲವೂ ಸರಿಯಿತ್ತು. ನರ ಒತ್ತಿಹೋಗಿದ್ದದ್ದು ಮಣಿಕಟ್ಟಿನಲ್ಲಿ.

"ಜೋಮು ಶುರುವಾದಾಗಲೇ ಬಂದಿದ್ರೆ, ಮಣಿಕಟ್ಟಿಗೆ ಪಟ್ಟಿ ಕಟ್ಟಿ ಮಲಗಿದ್ರೇ ವಾಸಿಯಾಗ್ತಿತ್ತೇನೋ. ಈಗ ಆಪರೇಷನ್ ಮಾಡಿದ್ರೆ ಇನ್ನಷ್ಟು ಕೆಡೋದು ನಿಲ್ಲುತ್ತೆ. ಹೋದ ಸ್ಪರ್ಶ ವಾಪಸ್ ಬರುತ್ತೆ ಅಂತ ಹೇಳಲಾರೆ."

ಹೊರಗೆ ಬಂದ ಮೇಲೆ ಅಣ್ಣ ಏನೋ ಹೇಳಲು ಹೋದ. "ಚಪ್ಪಲಿ ಹಾಕ್ಕೋ" ಎಂದಷ್ಟೇ ಬಂತು.

ಆಪರೇಷನ್ ಆಯಿತು. ಬೆರಳ ತುದಿಗಳು ಮರಗಟ್ಟಿದಂತೆಯೇ ಉಳಿದವು. ಸೂಜಿ ಹುಡುಕುವ ಕೆಲಸ ಅಣ್ಣನಿಗೆ ಬಂತು. ತಂಗಿ ಬಟ್ಟೆ ಮಡಿಸಿ ಕೊಡುತ್ತಾಳೆ.

ಮೊನ್ನೆ ಮಡಿಸಲು ತೆಗೆದುಕೊಂಡ ಮಗುವಿನ ಫ್ರಾಕನ್ನು ಅವಳು ಅಭ್ಯಾಸಬಲದಿಂದ ಕೆನ್ನೆಗೆ ಎತ್ತಿದಳು. ಮೆಷಿನ್ ನಿಂತಿತು. ಅವಳು ಕಾದಳು.

"ಯಾಕಣ್ಣ, ಇವತ್ತು ಮ್ಯಾವ್ ಇಲ್ವಾ?"

ಅವನು ಎದ್ದು ಬಂದು ಫ್ರಾಕನ್ನು ಅವಳ ಕೈಯಿಂದ ತೆಗೆದುಕೊಂಡ.

"ಇದನ್ನ ಆಗಲೇ ನೋಡಿದೀನಿ" ಎಂದ.

ನೋಡಿರಲಿಲ್ಲ. ಅವಳಿಗೆ ಬೆನ್ನು ಮಾಡಿ ನಿಂತು, ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದ. ತೋಳಿನ ಹೊಲಿಗೆಯ ಹತ್ತಿರ ಸೂಜಿ ಚುಚ್ಚಿತು.