ದಯವಿಟ್ಟು ಎಂದ ಅಡ್ಮಿನ್

ಆಫೀಸಿಗೆ ಬಂದು ಬ್ಯಾಗು ಕೆಳಗಿಡುವಷ್ಟರಲ್ಲಿ ನನ್ನ ಗಂಡನಿಂದ ಮೆಸೇಜು ಬಂತು. ಗಂಡ ತೀರಿಕೊಂಡು ವರ್ಷವಾಗುತ್ತ ಬಂದಿದೆ.

ಬಂದದ್ದು ನನಗಲ್ಲ, ಮೆಕ್ಯಾನಿಕ್‌ಗಳ ಗ್ರೂಪಿಗೆ. ನಮ್ಮದು ಲಿಫ್ಟ್ ರಿಪೇರಿಯ ಕಂಪನಿ. ಅವನು ಇಲ್ಲಿ ಮೆಕ್ಯಾನಿಕ್ ಆಗಿದ್ದ. ಅವನು ಹೋದ ಮೇಲೆ ನನ್ನನ್ನು ಕರೆದು ಫೋನ್ ಎತ್ತುವ ಕೆಲಸ ಕೊಟ್ಟರು. ಎಲ್ಲಿ ಲಿಫ್ಟ್ ನಿಂತಿತೆಂದು ನಾನು ಗ್ರೂಪಿಗೆ ಹಾಕುತ್ತೇನೆ, ಹತ್ತಿರದಲ್ಲಿದ್ದವರು ಹೋಗುತ್ತಾರೆ. ಕಟ್ಟಡಗಳ ಗೇಟ್ ತೆರೆಯುವ ನಂಬರು, ಮೆಷಿನ್ ರೂಮಿನ ಬೀಗದ ನಂಬರು, ಎಲ್ಲವೂ ಅಲ್ಲೇ. ಗ್ರೂಪು ಮಾಡಿದವನು ಅವನು. ಅಡ್ಮಿನ್ ಕೂಡ ಅವನೊಬ್ಬನೇ ಆದ್ದರಿಂದ ಅವನನ್ನು ತೆಗೆಯಲು ಯಾರಿಗೂ ಆಗುತ್ತಿರಲಿಲ್ಲ. ಹೊಸ ಗ್ರೂಪಿನ ಮಾತು ಬಂದಾಗಲೆಲ್ಲ ಎಲ್ಲರೂ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು.

'ಎಲ್ಲ ಕಟ್ಟಡಗಳ ಗೇಟ್ ನಂಬರುಗಳನ್ನು ದಯವಿಟ್ಟು ಮತ್ತೊಮ್ಮೆ ಕಳುಹಿಸಿ' ಎಂದಿತ್ತು.

ಮೊನ್ನೆ ಮೊನ್ನೆ ಸೇರಿದ ಮೆಕ್ಯಾನಿಕ್, ಅಡ್ಮಿನ್ ಕೇಳಿದ್ದಾರೆಂದು ಎರಡು ಕಟ್ಟಡದ್ದು ಕಳಿಸಿಯೂ ಬಿಟ್ಟಿದ್ದ.

"ಅಲ್ಲಯ್ಯಾ, ಆ ಮನುಷ್ಯ ಬದುಕಿದ್ದಾಗ ಒಂದಿನ ಆದ್ರೂ ದಯವಿಟ್ಟು ಅಂದಿದ್ನಾ? 'ಹಾಕ್ರೋ ಬೇಗ' ಅಂತಿದ್ದ. ಹೋದ್ಮೇಲೆ ಮರ್ಯಾದೆ ಕಲ್ತ್ನಾ?" ಎಂದ ಫೋರ್‌ಮನ್. ನಾನು ಅಲ್ಲೇ ಇದ್ದದ್ದು ಅವನಿಗೆ ಆಮೇಲೆ ಕಂಡಿತು. "ತಪ್ಪು ತಿಳ್ಕೋಬೇಡಮ್ಮಾ."

"ಇಲ್ಲ," ಎಂದೆ. ನಿಜವಾಗಿಯೂ ಏನೂ ಅನಿಸಿರಲಿಲ್ಲ. ಆ ಎರಡು ಕಟ್ಟಡಗಳಿಗೆ ಫೋನ್ ಮಾಡಿ, ಗೇಟ್ ನಂಬರು ಬದಲಿಸಲು ಹೇಳಿದೆ.

ಕಂಪ್ಯೂಟರ್ ನೋಡಿಕೊಳ್ಳುವವಳು ನನ್ನ ಮೇಜಿನ ಬಳಿ ಬಂದಳು. "ಅಕ್ಕಾ, ಯಾರೋ ಅವರ ಅಕೌಂಟ್ ಹೊಡೆದಿದ್ದಾರೆ. ಸಿಮ್ ಎಲ್ಲಿದೆ?"

"ಮನೇಲಿ. ಅತ್ತೆ ಹತ್ರ."

"ಸಿಮ್ ಇದ್ರೆ ವಾಪಸ್ ತಗೋಬಹುದು. ಫೋರ್‌ಮನ್‌ನ ಅಡ್ಮಿನ್ ಮಾಡಿ, ಅವರನ್ನ ತೆಗೆದು, ಅಕೌಂಟೇ ಅಳಿಸಿಬಿಡೋಣ. ಈಗಲೇ ಹೋಗಿ ಅಕ್ಕಾ."

ಮಗನ ಫೋನಿನಲ್ಲಿ ಅತ್ತೆ ದಿನವಿಡೀ ಓದುವುದು ಆ ಗ್ರೂಪನ್ನೇ ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾವ ಲಿಫ್ಟ್ ಕೆಟ್ಟಿತು, ಯಾರು ಹೋದರು, ಊಟ ಮಾಡಿದರೋ ಇಲ್ಲವೋ. ಅವರಿಗೆ ಬೇರೆ ಹೊತ್ತುಗಳೆಯುವ ದಾರಿಯಿರಲಿಲ್ಲ. ಅದನ್ನು ಕಿತ್ತುಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು.

ಮನೆಗೆ ಹೋದಾಗ ಅತ್ತೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಬಂದ್ಯಾ? ಒಳ್ಳೇದಾಯ್ತು. ನಿಮ್ಮೋರು ನನ್ನ ಹೊರಗೆ ಹಾಕಿದ್ರೇನೇ? ಬೆಳಿಗ್ಗೆ ನೀನು ಹೊರಟಾಗಿಂದ ಇದು ತೆರೀತಾನೇ ಇಲ್ಲ."

"ಯಾರಾದ್ರೂ ಫೋನ್ ಮಾಡಿದ್ರಾ ಅತ್ತೆ?"

"ಮಾಡಿದ್ದ, ನಿಮ್ಮ ಆಫೀಸಿನವನೇ. ಒಂದು ನಂಬರ್ ಬರುತ್ತೆ, ಓದಿ ಹೇಳಿ ಅಂದ. ಕನ್ನಡಕ ಹಾಕ್ಕೊಂಡು ಒಂದೊಂದೇ ಓದಿದೆ. ಒಂದೂ ತಪ್ಪಿಲ್ಲ ಕಣೆ."

"ಹಾಗೆಲ್ಲ ಹೇಳಬಾರ್ದು ಅಂತ ನಾನು ಹೇಳಿರ್ಲಿಲ್ವಾ?"

"ಬ್ಯಾಂಕಿನೋರಿಗೆ ಹೇಳಬೇಡಿ ಅಂದಿದ್ದೆ ನೀನು. ಇವನು ಲಿಫ್ಟಿನೋನು."

ಪಕ್ಕದಲ್ಲಿ ಕೂತು ವಿಷಯ ಹೇಳಿದೆ. ಮಗನ ಹೆಸರಿನಲ್ಲಿ ಕಳ್ಳನೊಬ್ಬ ಒಳಗೆ ಬಂದಿದ್ದಾನೆ, ಅವನನ್ನು ಓಡಿಸಿ ಬಾಗಿಲು ಹಾಕಬೇಕು ಎಂದೆ. ಅತ್ತೆ ಫೋನಿನ ಗಾಜನ್ನು ಸೆರಗಿನಿಂದ ಒರೆಸಿದರು. ಆಮೇಲೆ ಫೋನ್ ಕೊಟ್ಟರು.

ಕಂಪ್ಯೂಟರ್ ನೋಡಿಕೊಳ್ಳುವವಳು ನನ್ನ ಫೋನಿನಲ್ಲಿ ಹೇಳುತ್ತ ಹೋದಳು, ನಾನು ಗಂಡನ ಫೋನಿನಲ್ಲಿ ಒತ್ತುತ್ತ ಹೋದೆ. ಹೊಸ ನಂಬರು ಬಂತು, ಹಾಕಿದೆ. ಕಳ್ಳ ಹೊರಗಾದ. ಫೋರ್‌ಮನ್ ಅಡ್ಮಿನ್ ಆದ.

"ಇನ್ನು ಅವರನ್ನ ತೆಗೀರಿ ಅಕ್ಕಾ."

ಅತ್ತೆ ನನ್ನ ಕೈ ಹಿಡಿದರು. "ಇದು ಹೋದ್ರೆ ನನಗೆ ಗೊತ್ತಾಗೋದು ಹೇಗೆ?"

"ಏನು ಅತ್ತೆ?"

"ಎಲ್ಲಾ."

ಅವರು ಕೈ ಬಿಡುವವರೆಗೆ ಕಾದು, ಒತ್ತಿದೆ. ಅಕೌಂಟ್ ಅಳಿಸುವಾಗ, ಖಚಿತವೇ ಎಂದು ಅದು ಕೇಳಿತು. ಹೌದು ಎಂದೆ. ಮತ್ತೊಮ್ಮೆ ಕೇಳಿತು.

ನನ್ನ ಫೋನಿನಲ್ಲಿ, ಅವನು ಗ್ರೂಪಿನಿಂದ ಹೊರಹೋದನೆಂಬ ಸಾಲು ಸಣ್ಣ ಅಕ್ಷರದಲ್ಲಿ ಮೂಡಿತ್ತು. ಅದರ ಕೆಳಗೆ ಫೋರ್‌ಮನ್: 'ಇನ್ಮೇಲೆ ಗೇಟ್ ನಂಬರು ಇಲ್ಲಿ ಹಾಕಿದೋರ ಕೈ ಮುರೀತೀನಿ.' ಅದರ ಕೆಳಗೆ ಹೊಸ ಮೆಕ್ಯಾನಿಕ್: 'ಆಸ್ಪತ್ರೆ ಹಿಂದಿನ ಕಟ್ಟಡ. ಲಿಫ್ಟ್ ಅರ್ಧಕ್ಕೆ ನಿಂತಿದೆ. ಹೋಗ್ತಿದೀನಿ.'

ಅತ್ತೆ ಕತ್ತು ಚಾಚಿ ಓದಿದರು.

"ಒಳಗೆ ಯಾರಾದ್ರೂ ಸಿಕ್ಕಾಕ್ಕೊಂಡಿದಾರಾ?"

"ಹಾಕಿಲ್ಲ ಅತ್ತೆ."

"ಹಾಕದೆ ಇದ್ರೆ? ಕೇಳು."

ಕೇಳಿದೆ. ಇಬ್ಬರೂ ಗೋಡೆಗೆ ಒರಗಿಕೊಂಡು, ಆ ಹೊಸ ಮೆಕ್ಯಾನಿಕ್ ಏನು ಬರೆಯುತ್ತಾನೋ ಎಂದು ನನ್ನ ಫೋನನ್ನೇ ನೋಡುತ್ತ ಕೂತೆವು.